ಲಾಂಚು ಕಾಯುತ್ತದೆ ಎಂದು ಬರೆದಿದ್ದೆ

ಸುತ್ತಿ ಸುತ್ತಿ ಸಾಕಾಗಿದೆ ನನಗೆ. ಮೂವತ್ತು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿ, ಕಂಡ ಊರನ್ನೆಲ್ಲ ‘ರಮಣೀಯ’ ಎಂದು ಬರೆದು ಬರೆದು, ಈಗ ಆ ಪದ ಕಂಡರೆ ಹಲ್ಲುನೋವು ಬಂದಂತಾಗುತ್ತದೆ. ಈ ದ್ವೀಪಕ್ಕೂ ಕೆಲಸದ ಮೇಲೇ ಬಂದವಳು. ಬಂದವಳು ಹಿಂತಿರುಗಲಿಲ್ಲ. ಲಾಂಚು ಓಡಿಸುವವರ ಮನೆಯ ಮಹಡಿಯಲ್ಲಿ ಎರಡು ಕೋಣೆ ಹಿಡಿದು ಹನ್ನೊಂದು ವರ್ಷದಿಂದ ಇಲ್ಲೇ ಬೇರು ಬಿಟ್ಟಿದ್ದೇನೆ. ಬೇರು ಬಿಟ್ಟಿದ್ದೇನೆ ಅನ್ನುವುದು ನನ್ನ ಮಾತು. ಊರಿನವರ ಮಾತು ಬೇರೆ ಇದ್ದೀತು.

ಮನೆಯ ಯಜಮಾನರನ್ನು ಊರೆಲ್ಲ ಲಾಂಚಣ್ಣ ಅನ್ನುತ್ತದೆ, ನಾನು ಅಣ್ಣ ಅನ್ನುತ್ತೇನೆ. ಅವರ ಹೆಂಡತಿ ನನಗೆ ಅತ್ತಿಗೆ. ಇಬ್ಬರೂ ನನ್ನನ್ನು ಕರೆಯುವುದು ಪುಸ್ತಕದಮ್ಮ ಎಂದು. ಬಂದ ಹೊಸತರಲ್ಲಿ ಈ ದ್ವೀಪದ ಬಗ್ಗೆ ನಾನೊಂದು ಪುಸ್ತಕ ಬರೆದೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಜನ ಇಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಜೆಟ್ಟಿಯಲ್ಲಿ ಇಳಿದು, ಗುಡ್ಡ ಹತ್ತಿ, ಬೀದಿ ಸುತ್ತಿ, ಸಂಜೆ ಐದರ ಕೊನೆಯ ಲಾಂಚಿಗೆ ಆಚೆ ದಡಕ್ಕೆ ವಾಪಸು ಹೋಗುತ್ತಾರೆ. ಅದೇ ಲಾಂಚು, ಆಚೆ ದಡದಲ್ಲಿ ದಿನದ ಕೆಲಸ ಮುಗಿಸಿ ನಿಂತಿರುವ ನಮ್ಮ ದ್ವೀಪದವರನ್ನು ತುಂಬಿಕೊಂಡು ಮನೆಗೆ ಬರುತ್ತದೆ.

ಈ ವರ್ಷ ಪ್ರಕಾಶಕರು ಹೊಸ ಮುದ್ರಣ ತರುತ್ತೇವೆ, ತಿದ್ದಿ ಕೊಡಿ ಎಂದು ಬೆನ್ನು ಬಿದ್ದರು. ನನಗೆ ಅರವತ್ತೊಂದಾಯಿತು, ಗುಡ್ಡ ಹತ್ತಿದರೆ ಮೊಣಕಾಲು ಬೈಯುತ್ತದೆ ಎಂದೆ. ಗುಡ್ಡ ಎಲ್ಲಿಗೆ ಹೋಗುತ್ತೆ, ಜನರ ವಿಷಯ ತಿದ್ದಿದರೆ ಸಾಕು ಎಂದರು. ಜನರ ವಿಷಯವೇ ಕಷ್ಟದ್ದು ಎಂದು ಅವರಿಗೇನು ಗೊತ್ತು! ಈ ದ್ವೀಪದ ಪುಸ್ತಕ ಹದಿನೈದು ದಿನದಲ್ಲಿ ಗೀಚಿ ಕಳಿಸಿದ್ದು. ಆಮೇಲೆ ಬುದ್ಧಿ ಬಂದು ನಾನೊಂದು ಪದ್ಧತಿ ಮಾಡಿಕೊಂಡೆ. ಯಾರ ಬಗ್ಗೆ ಒಂದು ಸಾಲು ಬರೆದರೂ ಅವರ ಮುಂದೆ ಕೂತು ಓದಿ ಹೇಳುವುದು. ಹೂಂ ಅಂದರೆ ಉಳಿಸುವುದು, ಊಹೂಂ ಅಂದರೆ ಹೊಡೆದುಹಾಕುವುದು. ಇನ್ನೊಬ್ಬರ ಊರಿನಲ್ಲಿ ಬದುಕುವವಳಿಗೆ ಅಷ್ಟಾದರೂ ಮರ್ಯಾದೆ ಬೇಡವೇ? ಆದರೆ ಈ ದ್ವೀಪದ ಪುಸ್ತಕವನ್ನು ಮಾತ್ರ ಯಾರಿಗೂ ಓದಿ ಹೇಳಿರಲಿಲ್ಲ. ಈ ಸಲ ಹಳೆಯ ಪ್ರತಿ ಚೀಲಕ್ಕೆ ಹಾಕಿಕೊಂಡು ಮನೆಮನೆ ಹತ್ತಿ ಇಳಿದೆ.

ಕ್ಷೌರದವನು ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. “ಮಾತುಗಾರ ಅಂತ ಬರೆದಿದ್ದೀರಿ. ಆಗ ಹೌದು. ಹಲ್ಲು ಕಟ್ಟಿಸಿದ ಮೇಲೆ ನಾನು ಮಾತೇ ಬಿಟ್ಟಿದ್ದೀನಿ, ತೆಗೆದುಬಿಡಿ” ಎಂದವನು ಆಮೇಲೆ ಮುಕ್ಕಾಲು ಗಂಟೆ ಮಾತಾಡಿದ. ಅರ್ಧ ಕತ್ತರಿಸಿದ ತಲೆಯ ಗಿರಾಕಿ ಕನ್ನಡಿಯಲ್ಲಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದ. ‘ಹಸಿರು ಬಾಗಿಲಿನ ಮನೆ’ ಎಂದು ನಾನು ಬರೆದಿದ್ದ ಮನೆಯ ಮುದುಕಿ, “ಹೋದ ವರ್ಷ ಮಗ ನೀಲಿ ಬಳಿಯೋಕೆ ಹೊರಟಿದ್ದ. ನಾನೇ ಬೇಡ ಅಂದೆ. ಪುಸ್ತಕದಲ್ಲಿ ಹಸಿರು ಅಂತ ಇದೆಯಲ್ಲ, ನೋಡೋಕೆ ಬಂದವರು ಏನಂದ್ಕೊಳ್ಳಲ್ಲ?” ಎಂದಳು. ಬಿದ್ದು ಬಿದ್ದು ನಕ್ಕೆ. ಆ ನಗು ನೆನೆದರೆ ಈಗ ನಾಚಿಕೆಯಾಗುತ್ತದೆ.

ಬಡಗಿಯ ಅಂಗಡಿಯಲ್ಲಿ ಅವನ ಸೊಸೆ ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ಆಚೆ ದಡದ ಹೊಲಿಗೆ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಅವತ್ತು ರಜೆ. ಮಾವ ತನ್ನ ಸಾಲಿಗೆ ಹೂಂ ಅಂದ ಮೇಲೆ ಅವಳು ಕೇಳಿದಳು.

“ಲಾಂಚಿನ ಸಾಲು ಓದಿ ಆಯ್ತಾ?”

“ಅಣ್ಣ ಮನೆಯಲ್ಲೇ ಇರ್ತಾರಲ್ಲಮ್ಮ. ಕೊನೆಗೆ ಓದಿದ್ರಾಯ್ತು.”

“ಮೊದಲು ಓದಬೇಕಿತ್ತು” ಎಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಮನೆಯಲ್ಲಿ ಯಾರ ಮೇಲೋ ಸಿಟ್ಟಿರಬೇಕು ಎಂದುಕೊಂಡೆ. ನನ್ನ ಮೇಲೆ ಇರಬಹುದು ಎಂದು ಹೊಳೆಯಲೇ ಇಲ್ಲ.

ಮರುದಿನ ಮಧ್ಯಾಹ್ನ, ಎರಡು ಸರದಿಗಳ ನಡುವೆ ಅಣ್ಣ ಊಟಕ್ಕೆ ಬಂದಾಗ ಪುಸ್ತಕ ತೆಗೆದುಕೊಂಡು ಕೆಳಗಿಳಿದೆ. ಅಡುಗೆಮನೆಯ ಮೇಜಿಗೆ ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಚಿದ ರಟ್ಟು. ಅಣ್ಣ ತಟ್ಟೆಯ ಮುಂದೆ ಕೂತಿದ್ದರೇ ಹೊರತು ಊಟ ಮಾಡುತ್ತಿರಲಿಲ್ಲ. ಆ ಸಾಲಿನ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆ ಇತ್ತು. ಇಡೀ ಪುಸ್ತಕದಲ್ಲಿ ‘ರಮಣೀಯ’ ಇಲ್ಲದ ಪುಟ ಅದೊಂದೇ. ಗಂಟಲು ಸರಿಮಾಡಿಕೊಂಡು ಓದಿದೆ.

“ಕೊನೆಯ ಲಾಂಚಿಗೆ ತಡವಾಯಿತೆಂದು ಇಲ್ಲಿ ಯಾರೂ ಓಡಬೇಕಾಗಿಲ್ಲ. ಲಾಂಚಿನವನು ಹಗ್ಗ ಹಿಡಿದು ಗುಡ್ಡದ ದಾರಿಯನ್ನೇ ನೋಡುತ್ತ ನಿಂತಿರುತ್ತಾನೆ. ಕೊನೆಯವರು ಬರುವವರೆಗೆ ಯಾವಾಗಲೂ ಕಾಯುತ್ತಾನೆ.”

“ಸರಿಯಾಗೇ ಇದೆ” ಎಂದರು ಅಣ್ಣ, ತಟ್ಟೆ ನೋಡುತ್ತ. “ಬಿಡಿ, ಹಾಗೇ ಇರಲಿ.”

ಅತ್ತಿಗೆ ಕೈಯಲ್ಲಿದ್ದ ಪಾತ್ರೆಯನ್ನು ಒಲೆಕಟ್ಟೆಯ ಮೇಲೆ ಕುಕ್ಕಿದರು. “ಏನು ಹಾಗೇ ಇರಲಿ? ನಾಳೆ ಹೋಗಿ ಏನು ಹೇಳ್ತೀರಿ? ಹೇಳಿ ಇವರ ಮುಂದೆ!”

“ನೀನು ಸುಮ್ನಿರು.”

“ಹತ್ತು ವರ್ಷ ಸುಮ್ನಿದ್ದೆ ನಾನು. ಇನ್ನು ಆಗಲ್ಲ.” ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಕಾಗದವೊಂದನ್ನು ಕಿತ್ತು ನನ್ನ ಮುಂದಿಟ್ಟರು.

ಲಾಂಚ್ ಕಚೇರಿಯ ನೋಟೀಸು. ಸಂಜೆಯ ಸರದಿ ಹಲವು ವರ್ಷಗಳಿಂದ ತಡವಾಗುತ್ತಿದೆ ಎಂದು ದೂರು ಬಂದಿದೆ, ಗುರುವಾರ ಹನ್ನೆರಡೂವರೆಗೆ ವಿಚಾರಣೆಗೆ ಹಾಜರಾಗಬೇಕು, ಸಮಾಧಾನಕರ ಉತ್ತರ ಇಲ್ಲದಿದ್ದರೆ ಲಾಂಚಿನಿಂದ ಇಳಿಸಿ ಆಚೆ ದಡದ ಟಿಕೆಟ್ ಕಿಟಕಿಗೆ ಹಾಕಲಾಗುವುದು ಎಂದಿತ್ತು. ಇಪ್ಪತ್ತಾರು ವರ್ಷ ಚುಕ್ಕಾಣಿ ಹಿಡಿದ ಮನುಷ್ಯ ಕಿಟಕಿಯ ಹಿಂದೆ ಕೂತು ಟಿಕೆಟ್ ಹರಿಯಬೇಕು.

“ಮೊದಲೆಲ್ಲ ಇವರು ಐದು ಅಂದ್ರೆ ಐದು” ಎಂದರು ಅತ್ತಿಗೆ. “ನಿಮ್ಮ ಪುಸ್ತಕ ಅಚ್ಚಾಗಿ ಬಂತು ನೋಡಿ, ಶುರುವಾಯ್ತು. ಬಂದವರೆಲ್ಲ ಹಾಯಾಗಿ ಫೋಟೋ ತೆಗೆದುಕೊಂಡು ಐದೂಕಾಲಿಗೆ, ಐದೂವರೆಗೆ ಇಳಿದು ಬರ್ತಾರೆ. ಕೇಳಿದ್ರೆ ಪುಟ ತೆಗೆದು ತೋರಿಸ್ತಾರೆ. ಆಚೆ ದಡದಲ್ಲಿ ನಮ್ಮ ಜನ, ದಿನವೆಲ್ಲ ದುಡಿದು ಬಂದವರು, ಗಾಳಿಯಲ್ಲಿ ಮಳೆಯಲ್ಲಿ ನಿಂತಿರ್ತಾರೆ. ಪುಸ್ತಕದ ಅರ್ಧ ಗಂಟೆ ಅಂತಾನೇ ಅದಕ್ಕೆ ಹೆಸರು. ದೂರು ಕೊಟ್ಟವಳು ಬಡಗಿ ಸೊಸೆ. ತಪ್ಪೇನಿದೆ? ಎದೆ ಹಾಲು ಸುರಿದು ಕುಪ್ಪಸ ಒದ್ದೆಯಾಗಿ ಅವಳು ಅಲ್ಲಿ ನಿಂತಿದ್ರೆ ಮಗು ಇಲ್ಲಿ ಕಿರುಚ್ತಿರುತ್ತೆ.”

ಹತ್ತು ವರ್ಷ ನಾನು ಸಂಜೆಯಾದರೆ ಮಹಡಿಯ ಕಿಟಕಿಯಲ್ಲಿ ಚಹಾ ಹಿಡಿದು ಕೂತು, ಅಣ್ಣ ಹಗ್ಗ ಹಿಡಿದು ಕಾಯುವುದನ್ನು ನೋಡಿದ್ದೇನೆ. ನೋಡಿ, ನಾನು ಬರೆದದ್ದು ಎಷ್ಟು ನಿಜ ಎಂದು ಬೀಗಿದ್ದೇನೆ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಪರಾಂಬರಿಸುವುದೇ ನನ್ನ ಕಸುಬು, ಅದರಲ್ಲೇ ಎಡವಿದೆ.

“ನನಗೆ ಯಾಕೆ ಹೇಳ್ಲಿಲ್ಲ ಅತ್ತಿಗೆ? ಇಷ್ಟು ವರ್ಷ?”

“ಬಂದವರಿಗೆ ಹೇಗೆ ಹೇಳೋದು?” ಎಂದರು ಅವರು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡರು.

ಬಂದವರು. ಮೂವತ್ತು ವರ್ಷ ಊರೂರಿನಲ್ಲಿ ಅತಿಥಿಯಾಗಿ ಸಾಕಾಗಿಯೇ ಅಲ್ಲವೇ ನಾನು ಇಲ್ಲಿ ಕೂತದ್ದು? ಹನ್ನೊಂದು ವರ್ಷ ಇವರ ತಾರಸಿ ಗುಡಿಸಿ, ಇವರ ಮಗಳ ಮದುವೆಯಲ್ಲಿ ಓಡಾಡಿ, ಇವರ ಜ್ವರಕ್ಕೆ ನಾನು ಗಂಜಿ ಕಾಯಿಸಿ, ನನ್ನ ಜ್ವರಕ್ಕೆ ಇವರು ಕಾಯಿಸಿ, ಕೊನೆಗೂ ಮನೆಯವಳಾದೆ ಎಂದುಕೊಂಡಿದ್ದೆ. ಮನೆಯವಳಾಗಿದ್ದರೆ ಮೊದಲ ವಾರವೇ ಉಗಿದು ಉಪ್ಪಿನಕಾಯಿ ಹಾಕುತ್ತಿದ್ದರು. ಬಲು ದುಃಖವಾಯಿತು.

“ನಾಳೆ ನಾನೂ ಬರ್ತೀನಿ” ಎಂದೆ ಅಣ್ಣನಿಗೆ. “ಆ ಸಾಲು ಸುಳ್ಳು ಅಂತ ಹೇಳ್ತೀನಿ. ನಾನು ನೋಡಿದ್ದು ಒಂದೇ ಒಂದು ಸಂಜೆ. ‘ಯಾವಾಗಲೂ’ ಅಂತ ಸೇರಿಸಿದ್ದು ನಾನು. ಚೆಂದ ಕಾಣ್ಲಿ ಅಂತ.”

ಅಣ್ಣ ತಲೆಯೆತ್ತಿದರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. “ಬೇಡ. ತಡ ಮಾಡಿದ್ದು ನಾನು, ಬೈಸಿಕೊಳ್ಳೋನೂ ನಾನೇ. ಬರೆದು ಬದುಕೋರು ನೀವು. ಬರೆದದ್ದು ಸುಳ್ಳು ಅಂತ ಸರ್ಕಾರಿ ಕಾಗದದ ಮೇಲೆ ಹೋದ್ರೆ ಇನ್ಮೇಲೆ ನಿಮ್ಮ ಪುಸ್ತಕ ಯಾರು ಮುಟ್ತಾರೆ?” ಕೈ ತೊಳೆದು ಎದ್ದು ಹೋದರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

ಮಹಡಿ ಹತ್ತಿ ಮಂಚದ ಮೇಲೆ ಬಿದ್ದುಕೊಂಡೆ. ನಿಜ ಹೇಳುತ್ತೇನೆ, ಹೋಗಬಾರದು ಎಂದೇ ಅನ್ನಿಸಿತು. ಹೊಸ ಮುದ್ರಣದಲ್ಲಿ ಒಂದು ಸಾಲು ಹೊಡೆದುಹಾಕಿದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ, ಅಣ್ಣನೂ ಬೇಡ ಅಂದಿದ್ದಾರೆ. ದಣಿದವರಿಗೆ ಇಂಥ ನೆಪಗಳು ದಿಂಬಿನಷ್ಟು ಮೆತ್ತಗಿರುತ್ತವೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು. ಕೆಳಗೆ ಅತ್ತಿಗೆ ಮೂಗು ಒರೆಸಿಕೊಳ್ಳುವ ಸದ್ದು ನೆಲದ ಹಲಗೆಗಳ ಸಂದಿಯಿಂದ ಕೇಳಿಸುತ್ತಿತ್ತು.

ಗುರುವಾರ ಹನ್ನೆರಡರ ಲಾಂಚು ಹತ್ತಿದೆ. ಅಣ್ಣ ನನ್ನನ್ನು ನೋಡಿಯೂ ನೋಡದವರಂತೆ ಚುಕ್ಕಾಣಿ ಹಿಡಿದರು.

ಲಾಂಚ್ ಕಚೇರಿ ಎಂದರೆ ಜೆಟ್ಟಿಯ ಮೂಲೆಯ ಒಂದೂವರೆ ಕೋಣೆ. ಅರ್ಧದಲ್ಲಿ ಟಿಕೆಟ್ ಕಿಟಕಿ, ಅದರ ಹಿಂದೆ ಕಬ್ಬಿಣದ ಸ್ಟೂಲು. ಆ ಸ್ಟೂಲನ್ನು ಅಣ್ಣ ಒಮ್ಮೆ ನೋಡಿ ಮುಖ ತಿರುಗಿಸಿದರು. ಉಳಿದ ಕೋಣೆಯಲ್ಲಿ ಮೇಜು, ಫೈಲುಗಳ ರಾಶಿ, ಕನ್ನಡಕ ಹಣೆಗೇರಿಸಿದ ಅಧಿಕಾರಿ. ನೆಗಡಿಯಾಗಿ ಪದೇ ಪದೇ ಸೀನುತ್ತಿದ್ದ ಅವರಿಗೆ ಈ ವಿಚಾರಣೆ ನನಗಿಂತ ಹೆಚ್ಚು ಬೇಸರ ತಂದಂತಿತ್ತು. ಗೋಡೆಯ ಪಕ್ಕದ ಬೆಂಚಿನಲ್ಲಿ, ಊಟದ ಬಿಡುವಿನಲ್ಲಿ ಓಡಿಬಂದಿದ್ದ ಬಡಗಿಯ ಸೊಸೆ ಕೂತಿದ್ದಳು.

“ನೀವ್ಯಾರು?” ಎಂದರು ಅಧಿಕಾರಿ ನನಗೆ.

“ತಡ ಆಗ್ತಿರೋದಕ್ಕೆ ಕಾರಣ ನಾನು” ಎಂದೆ. ಪುಸ್ತಕ ತೆರೆದು ಅವರ ಮುಂದಿಟ್ಟೆ. ಅವರು ಕನ್ನಡಕ ಇಳಿಸಿ ಎರಡು ಸಲ ಓದಿದರು.

“ಇದನ್ನ ಬರೆಯೋ ಮೊದಲು ಎಷ್ಟು ಸಂಜೆ ನೋಡಿದ್ರಿ?”

“ಒಂದು.”

“ಒಂದು ನೋಡಿ ‘ಯಾವಾಗಲೂ’ ಅಂತ ಬರೆದ್ರಾ?”

“ಬರೆದೆ. ಇವರನ್ನ ಕೇಳಲೂ ಇಲ್ಲ. ಅದು ಸುಳ್ಳು ಅಂತ ಬರೆದುಕೊಳ್ಳಿ, ಸಹಿ ಹಾಕ್ತೀನಿ.”

ಬೆಂಚಿನ ಮೇಲಿದ್ದವಳು ನನ್ನನ್ನೇ ನೋಡುತ್ತಿದ್ದಳು. ಅಣ್ಣ ಕಾಲಿನ ಹೆಬ್ಬೆರಳು ನೋಡುತ್ತಿದ್ದರು. ಅಧಿಕಾರಿ ಸೀನಿ, ಲಾಂಚಿನ ದಿನಚರಿಯ ಹಳೆಯ ಪುಸ್ತಕಗಳನ್ನು ಎಳೆದುಕೊಂಡು ಒಂದೊಂದೇ ಮಗುಚಿದರು. ಲಾಂಚು ಹೊರಟ ಹೊತ್ತನ್ನು ಸರದಿಗೊಮ್ಮೆ ಅಣ್ಣನೇ ತಮ್ಮ ಕೈಯಾರೆ ಬರೆದಿಟ್ಟಿದ್ದರು. ಒಂದು ದಿನವೂ ಸುಳ್ಳು ಹೊತ್ತು ಹಾಕಿರಲಿಲ್ಲ. ಹಾಕಿದ್ದರೆ ಈ ನೋಟೀಸೇ ಬರುತ್ತಿರಲಿಲ್ಲವೇನೋ.

“ವಿಚಿತ್ರವಾಗಿದೆಯಲ್ಲ” ಎಂದರು ಅಧಿಕಾರಿ. “ಮೊದಲ ಹದಿನೈದು ವರ್ಷ ಸಂಜೆ ಸರದಿ ಒಂದು ದಿನವೂ ತಡ ಇಲ್ಲ. ಆಮೇಲೆ ಇದೊಂದು ದಿನ ಮಾತ್ರ ಇಪ್ಪತ್ತೈದು ನಿಮಿಷ. ಮತ್ತೆ ಒಂದು ವರ್ಷ ಐದಕ್ಕೇ ಹೊರಟಿದ್ದೀರಿ. ಅಲ್ಲಿಂದ ಈಚೆಗೆ ದಿನಾ ತಡ. ಈ ಒಂದು ದಿನ ಏನಾಗಿತ್ತು?”

ನಾನು ಬಗ್ಗಿ ತಾರೀಖು ನೋಡಿದೆ. ನಾನು ಈ ದ್ವೀಪದಲ್ಲಿ ಕಾಲಿಟ್ಟ ದಿನ. ಆ ಸಂಜೆ ಗುಡ್ಡದ ಮೇಲಿನ ಮೋಟುಗೋಡೆಯ ಹಿಂದೆ ಕೂತು, ಇನ್ನು ಏಳಲಾರೆ, ಎಲ್ಲಿಗೂ ಹೋಗಲಾರೆ ಎಂದು ಅಳುತ್ತ, ಕೆಳಗೆ ಹಗ್ಗ ಹಿಡಿದು ನಿಂತಿದ್ದ ಮನುಷ್ಯನನ್ನು ನಾನು ನೋಡಿದ್ದೆ.

“ಕೇಳ್ತಿದ್ದೀನಿ, ಹೇಳಿ. ಯಾರಿಗೆ ಕಾದ್ರಿ?”

“ಬೆಳಿಗ್ಗೆ ಮೂವತ್ತೊಂದು ಜನ ಇಳಿದಿದ್ರು ಸಾರ್” ಎಂದರು ಅಣ್ಣ ಮೆಲ್ಲಗೆ. “ಸಂಜೆ ಮೂವತ್ತು ಹತ್ತಿದ್ರು. ಚೀಲ ಹಾಕ್ಕೊಂಡು ಒಬ್ಬಂಟಿ ಬಂದಿದ್ದ ಹೆಂಗಸು ಒಬ್ಬರು ಬರ್ಲಿಲ್ಲ. ಬೆಳಿಗ್ಗೆ ಇಳಿಯುವಾಗಲೇ ಅವರ ಮುಖ ಸರಿ ಇರ್ಲಿಲ್ಲ. ನನಗೆ ಯಾಕೋ ಹೆದರಿಕೆ ಆಯ್ತು, ಕಾದೆ. ಆಚೆಯಿಂದ ವಾಪಸ್ ಬಂದವನು ಟಾರ್ಚ್ ಹಿಡ್ಕೊಂಡು ಗುಡ್ಡದ ಅಂಚೆಲ್ಲ ಹುಡುಕಿದೆ. ಸಿಗ್ಲಿಲ್ಲ. ಮನೆಗೆ ಹೋದ್ರೆ ಇವರು ನಮ್ಮ ಅಡುಗೆಮನೆಯಲ್ಲಿ ಕೂತು, ಮಹಡಿ ಬಾಡಿಗೆಗೆ ಕೊಡ್ತೀರಾ ಅಂತ ನನ್ನ ಹೆಂಡತಿಯನ್ನ ಕೇಳ್ತಿದ್ರು.”

ಅಧಿಕಾರಿ ಕನ್ನಡಕ ಮತ್ತೆ ಹಣೆಗೇರಿಸಿದರು. “ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.”

“ಹೂಂ ಸಾರ್. ಆಮೇಲೆ ಪುಸ್ತಕ ಬಂತು. ನಾನು ಕಾದದ್ದು ಇವರಿಗೆ ಗೊತ್ತಾಗಿದೆ, ಆ ಉಪಕಾರ ನೆನೆಸಿಕೊಂಡು ಬರೆದಿದ್ದಾರೆ ಅಂದ್ಕೊಂಡೆ. ಅಷ್ಟು ದೊಡ್ಡ ಮಾತು ಬರೆದ ಮೇಲೆ ಅದನ್ನ ಸುಳ್ಳು ಮಾಡೋಕೆ ಮನಸ್ಸು ಬರ್ಲಿಲ್ಲ.”

ದೀಪದ ಬುಡದಲ್ಲಿ ಕತ್ತಲೆ. ಆ ದಿನ ತಡವಾದವಳು ನಾನು, ಕಾಯಿಸಿದವಳು ನಾನು, ಅವರು ಯಾರಿಗೋ ಕಾಯುತ್ತಿದ್ದಾರೆ ಎಂದು ನೋಡಿ ಕಣ್ಣೀರು ಹಾಕಿದವಳೂ ನಾನೇ. ಜಗತ್ತಿನಲ್ಲಿ ನನಗಾಗಿ ಕಾಯುವವರು ಯಾರೂ ಇಲ್ಲ ಎಂದು ಅಳುತ್ತಿದ್ದ ಹೊತ್ತಿಗೆ ಒಂದು ಲಾಂಚು ಪೂರ್ತಿ ಜನರೊಂದಿಗೆ ನನಗಾಗಿಯೇ ನಿಂತಿತ್ತು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ಅಧಿಕಾರಿ ಗಲಿಬಿಲಿಯಾಗಿ ತಮ್ಮ ಕರವಸ್ತ್ರ ಮುಂದೆ ಮಾಡಿದವರು, ಅದರ ಸ್ಥಿತಿ ನೆನಪಾಗಿ ಹಿಂದಕ್ಕೆ ತೆಗೆದುಕೊಂಡರು.

ಬಡಗಿಯ ಸೊಸೆ ಎದ್ದು ನಿಂತಳು. “ಇವರನ್ನ ಲಾಂಚಿನಿಂದ ಇಳಿಸಿ ಅಂತ ನಾನು ಬರೆದಿಲ್ಲ ಸಾರ್. ಐದಕ್ಕೆ ಹೊರಡಲಿ ಅಂತ ಬರೆದಿದ್ದೀನಿ. ಅಷ್ಟು ಮಾಡಿದ್ರೆ ನನ್ನ ದೂರು ಇಲ್ಲ.”

“ಐದು ಅಂದ್ರೆ ಐದು” ಎಂದರು ಅಧಿಕಾರಿ. “ಇನ್ನೊಂದು ದಿನ ಐದು ನಿಮಿಷ ತಡ ಕಂಡ್ರೂ ಆ ಸ್ಟೂಲೇ ಗತಿ. ಒಪ್ಪಿಗೆಯಾ?” ಅಣ್ಣ ತಲೆಯಾಡಿಸಿದರು. ನನ್ನ ಹೇಳಿಕೆ ಬರೆಸಿಕೊಂಡು ಸಹಿ ಹಾಕಿಸಿದರು. ಇಷ್ಟು ವರ್ಷದಲ್ಲಿ ನಾನು ಬರೆದ ಅತಿ ಚಿಕ್ಕ ಬರಹ ಅದು, ನಾಲ್ಕೇ ಸಾಲು.

ಎರಡರ ಲಾಂಚಿಗೆ ವಾಪಸಾದೆ. ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ, ಬೇಡವೆಂದರೂ ಕಾಲು ಜೆಟ್ಟಿಗೆ ಎಳೆಯಿತು. ಬೆಳಿಗ್ಗೆ ಹತ್ತೊಂಬತ್ತು ಜನ ಇಳಿದಿದ್ದರಂತೆ. ಹದಿನೇಳು ಜನ ಹತ್ತಿ ಕೂತಿದ್ದರು. ಅಣ್ಣ ಹಗ್ಗ ಹಿಡಿದು ಗುಡ್ಡದ ದಾರಿಗೆ ಬೆನ್ನು ಹಾಕಿ ನಿಂತಿದ್ದರು. ಐದಾಯಿತು. ಅವರ ಕೈ ಗಂಟಿನ ಮೇಲಿತ್ತು, ಬೆರಳು ಆಡುತ್ತಿರಲಿಲ್ಲ.

“ಬಿಚ್ಚಿ ಅಣ್ಣಾ” ಎಂದೆ.

“ಇಬ್ಬರು ಬಾಕಿ ಇದ್ದಾರೆ.” “ವಯಸ್ಸಾದ ದಂಪತಿ. ಆಯಮ್ಮನಿಗೆ ಕಾಲುನೋವು ಬೇರೆ. ಬಿಟ್ಟು ಹೇಗೆ ಹೋಗೋದು?”

“ನಾನಿರ್ತೀನಿ ಇಲ್ಲಿ. ಅವರು ಬರೋವರೆಗೂ ಇರ್ತೀನಿ. ಬರದಿದ್ರೆ ಟಾರ್ಚ್ ತಗೊಂಡು ಗುಡ್ಡ ಹತ್ತೋಳೂ ನಾನೇ. ನೀವು ಹೊರಡಿ, ಆಚೆ ದಡದಲ್ಲಿ ಕಾಯ್ತಿದ್ದಾರೆ.”

ಅವರು ನನ್ನ ಮುಖ ನೋಡಿದರು. ಹಗ್ಗ ಬಿಚ್ಚಿದರು. ಲಾಂಚು ದಡದಿಂದ ಸರಿಯಿತು.

ಐದೂಕಾಲಿಗೆ ಆ ದಂಪತಿ ನಿಧಾನವಾಗಿ ಇಳಿದು ಬಂದರು. ಖಾಲಿ ಜೆಟ್ಟಿ ಕಂಡು ಆ ಯಜಮಾನರಿಗೆ ಸಿಟ್ಟೇ ಬಂತು. ಪುಸ್ತಕ ತೆಗೆದು ಆ ಪುಟವನ್ನು ನನ್ನ ಮೂಗಿನ ಹತ್ತಿರ ಹಿಡಿದರು. “ಯಾವಾಗಲೂ ಕಾಯ್ತಾನೆ ಅಂತ ಸ್ಪಷ್ಟವಾಗಿ ಬರೆದಿದೆಯಲ್ಲ, ಇದೇನಿದು ಅನ್ಯಾಯ?”

“ಅದು ನಾನೇ ಬರೆದದ್ದು. ತಪ್ಪಾಗಿ ಬರೆದೆ” ಎಂದೆ. “ಬನ್ನಿ, ಮನೆ ಹತ್ತಿರವೇ ಇದೆ. ನನ್ನ ಕೋಣೆಯಲ್ಲಿ ಮಲಗುವಿರಂತೆ, ಬೆಳಿಗ್ಗೆ ಎಂಟಕ್ಕೆ ಲಾಂಚಿದೆ.” ಆಯಮ್ಮನ ಚೀಲ ನನ್ನ ಹೆಗಲಿಗೆ ಹಾಕಿಕೊಂಡೆ. ಏನು ತುಂಬಿದ್ದಳೋ, ಕಲ್ಲಿನ ಭಾರ. ಹಳೆಯ ಪ್ರತಿಗಳು ಇನ್ನೂ ಸಾವಿರಗಟ್ಟಲೆ ಊರೂರು ಸುತ್ತುತ್ತಿವೆ. ಹೊಸ ಮುದ್ರಣ ಬಂದ ಮಾತ್ರಕ್ಕೆ ಅವು ಸಾಯುವುದಿಲ್ಲ. ಇನ್ನು ದಿನಾ ಐದಕ್ಕೆ ನಾನು ಜೆಟ್ಟಿಯಲ್ಲಿರಬೇಕು ಎಂದು ಮೆಟ್ಟಿಲು ಹತ್ತುವಾಗಲೇ ಗೊತ್ತಾಯಿತು. ಮೊಣಕಾಲಿಗೂ ಗೊತ್ತಾಯಿತು.

ಅತ್ತಿಗೆ ದಂಪತಿಯನ್ನು ಕೂರಿಸಿ ನೀರು ಕೊಟ್ಟು, ನನ್ನನ್ನು ಒಲೆಯ ಹತ್ತಿರ ಎಳೆದುಕೊಂಡು ಹೋಗಿ ಬೈದರು. “ಹೇಳದೆ ಕೇಳದೆ ಇಬ್ಬರನ್ನ ಕರೆತರ್ತೀರಲ್ಲ, ಅಕ್ಕಿ ಯಾರು ಹಾಕಿದ್ರು? ತಲೆಯಲ್ಲಿ ಬುದ್ಧಿ ಇದೆಯಾ? ಬರೆಯೋದು ಬಂದ್ರೆ ಆಯ್ತಾ?” ಹನ್ನೊಂದು ವರ್ಷದಲ್ಲಿ ಮೊದಲ ಬೈಗುಳ. ಬಾಯಿ ಮುಚ್ಚಿಕೊಂಡು ಅಕ್ಕಿ ತೊಳೆಯಲು ಕೂತೆ.

ಆರೂಕಾಲಿಗೆ ಲಾಂಚು ದಡಕ್ಕೆ ತಾಗಿದ ಸದ್ದು ಕೇಳಿಸಿತು. ಒದ್ದೆ ಕೈಯಲ್ಲೇ ಹೊರಗೆ ಬಂದೆ. ಎಲ್ಲರಿಗಿಂತ ಮೊದಲು ಇಳಿದವಳು ಬಡಗಿಯ ಸೊಸೆ. ಇನ್ನೂ ಬೆಳಕಿತ್ತು. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬೀದಿಯಲ್ಲಿ ಓಡಿಬಂದು, ನನ್ನ ಮುಂದಿನಿಂದಲೇ ಹಾದುಹೋದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಬಡಗಿಯ ಮನೆಯಲ್ಲಿ ಅಳುತ್ತಿದ್ದ ಮಗು ಸುಮ್ಮನಾಯಿತು.